ಪೀಣ್ಯದ ಮಂಜಿನಲ್ಲಿ ಓಡಿದ್ದು ಯಾರು?

ದೆವ್ವ, ಗಾಳಿ, ಮಾಟ ಎಂದರೆ ನನಗೆ ಮೊದಲಿನಿಂದಲೂ ನಗು. ಪಂದ್ಯದ ದಿನ ನಮ್ಮ ಗೋಲ್‌ಕೀಪರ್ ಕಂಬಕ್ಕೆ ನಿಂಬೆಹಣ್ಣು ಕಟ್ಟಿದರೆ, ಆಟ ಮುಗಿದ ಮೇಲೆ ಅದನ್ನೇ ಬಿಚ್ಚಿ, ಶರಬತ್ತು ಮಾಡಿ, ಅವನ ಎದುರಿಗೇ ಕುಡಿದವನು ನಾನು. ಅಂಥವನು ಈಗ ಇಂಥದ್ದೊಂದು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ಬೇಜಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಬಣ್ಣ ಹಚ್ಚಲು ನನಗೆ ಬರುವುದೂ ಇಲ್ಲ.

ಎಂಬತ್ತರ ದಶಕದ ಆರಂಭ. ಪೀಣ್ಯದ ಒಂದು ದೊಡ್ಡ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿದ್ದೇ ಫುಟ್‌ಬಾಲ್ ಆಡುತ್ತಿದ್ದೆ ಎಂಬ ಕಾರಣಕ್ಕೆ. ಬೆಳಿಗ್ಗೆ ಯಂತ್ರದ ಮುಂದೆ ಹೆಸರಿಗೆ ನಿಲ್ಲುವುದು, ಮಧ್ಯಾಹ್ನದ ಮೇಲೆ ಕಾರ್ಖಾನೆಯ ಮೈದಾನದಲ್ಲಿ ಪ್ರಾಕ್ಟೀಸು. ಟೀಮಿನವರಿಗೆಂದೇ ಕ್ಯಾಂಟೀನಿನಲ್ಲಿ ಬೇಯಿಸಿದ ಮೊಟ್ಟೆ ಕೊಡುತ್ತಿದ್ದರು. ಒಂದು ಪಂದ್ಯದಲ್ಲಿ ಬಿದ್ದು ಎಡಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು, ಮಂಡಿ ಮಾತ್ರ ಮೊದಲಿನಂತಾಗಲಿಲ್ಲ. ನನ್ನನ್ನು ಸ್ಟೋರ್ಸಿಗೆ ಹಾಕಿದರು. ಯಾರೂ ಏನೂ ಅನ್ನಲಿಲ್ಲ. ಆದರೆ ಒಂದು ದಿನ ಬಡಿಸುವವನು ನನ್ನ ತಟ್ಟೆಗೆ ಮೊಟ್ಟೆ ಹಾಕದೆ ಮುಂದಕ್ಕೆ ಹೋದ. ಆವತ್ತು ಆದಷ್ಟು ನೋವು ನನಗೆ ಆಸ್ಪತ್ರೆಯಲ್ಲೂ ಆಗಿರಲಿಲ್ಲ.

ಅದೇ ಹೊತ್ತಿಗೆ ಮಸ್ಕತ್ತಿನಲ್ಲಿದ್ದ ನಮ್ಮ ಹಳೆಯ ಕ್ಯಾಪ್ಟನ್ ರಜೆಗೆಂದು ಊರಿಗೆ ಬಂದ. ಅಲ್ಲಿನ ಒಂದು ಕ್ಲಬ್ಬಿಗೆ ಹುಡುಗರಿಗೆ ಆಟ ಕಲಿಸುವ ಕೋಚ್ ಬೇಕಂತೆ, ನೀನು ಬಾ ಎಂದ. ನನ್ನ ಹೆಂಡತಿ ಸರೋಜ, "ಹೋಗಿ ಅಂದ್ರೆ. ಆ ಸ್ಟೋರ್ಸಲ್ಲಿ ಕೂತು ದಿನಾ ಮುಖ ಗಂಟು ಹಾಕ್ಕೊಂಡ್ ಬರ್ತೀರ, ನಂಗೂ ನೋಡಕ್ಕಾಗಲ್ಲ" ಎಂದಳು. ಪರ್ಮನೆಂಟ್ ಕೆಲಸ ಬಿಡುವ ಭಯ ಇತ್ತು, ಇಲ್ಲವೆನ್ನಲಾರೆ. ಆದರೆ ಅದಕ್ಕಿಂತ ದೊಡ್ಡದು ನನ್ನ ಹಟ. ಕೋಚ್ ಆಗಲು ಒಪ್ಪಿದರೆ, ನಾನಿನ್ನು ಆಟಗಾರನಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ. ಗೆರೆಯಾಚೆ ನಿಂತು ಯಾರದೋ ಮಕ್ಕಳಿಗೆ ಗಂಟಲು ಹರಿದುಕೊಳ್ಳುವ ಬಾಳು ಯಾರಿಗೆ ಬೇಕು? ಆಗುವುದಿಲ್ಲ ಎಂದು ಅವನಿಗೆ ಹೇಳಿಬಿಡಲು ತೀರ್ಮಾನಿಸಿದೆ.

ಹಾಗೆ ಹೇಳಬೇಕಿದ್ದ ದಿನವೇ ಇದು ನಡೆದದ್ದು. ಮಾಗಿಯ ಚಳಿ. ಬಾಗಲಗುಂಟೆಯ ಮನೆಯಿಂದ ಬೆಳಗಿನ ಷಿಫ್ಟಿಗೆ ಬೇಗನೆ ಹೊರಟಿದ್ದೆ. ಮೈದಾನದ ಸುತ್ತಲಿನ ನೀಲಗಿರಿ ಮರಗಳ ಬುಡ ಬಿಟ್ಟರೆ ಉಳಿದದ್ದೆಲ್ಲ ಮಂಜಿನೊಳಗೆ. ಗೇಟಿನಲ್ಲಿದ್ದ ವಾಚ್‌ಮನ್ ಮುನಿಯಪ್ಪನಿಗೆ ಕೈಯೆತ್ತಿ, ಮೈದಾನದ ಅಡ್ಡದಾರಿ ಹಿಡಿದೆ. ಒಳಗೆಲ್ಲೋ ಚೆಂಡು ಒದ್ದ ಸದ್ದಾಯಿತು.

ಹುಡುಗರು ಆಡುತ್ತಿದ್ದರು. ಪಕ್ಕದ ಹಳ್ಳಿಯವರಿರಬೇಕು ಎಂದುಕೊಂಡೆ. ಬರಿಗಾಲು, ಮುಖ ಸರಿಯಾಗಿ ಕಾಣದು, ಒಬ್ಬನೂ ಮಾತಾಡುತ್ತಿಲ್ಲ. ಕಾಲು ಚೆಂಡಿಗೆ ತಾಗಿದ್ದು ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ ನಿಧಾನವಾಗಿ ಬರುತ್ತಿತ್ತು. ಚೆಂಡು ಉರುಳಿಕೊಂಡು ನನ್ನ ಕಾಲ ಬಳಿ ಬಂತು. ಹಿಂದಕ್ಕೆ ಒದ್ದೆ. ಮತ್ತೆ ಬಂತು. ಯಾವಾಗ ಓಡಲು ಶುರುಮಾಡಿದೆನೋ ತಿಳಿಯದು, ಅವರ ನಡುವೆ ನಾನೂ ಓಡುತ್ತಿದ್ದೆ. ಎಡಗಡೆಯಿಂದ ನುಗ್ಗಿ, ತಿರುಗಿ, ಚೆಂಡು ಕೊಟ್ಟು, ಮತ್ತೆ ಮುಂದಕ್ಕೆ. ತೆಳ್ಳಗಿನ ಒಬ್ಬ ಚೆಂಡನ್ನೇ ನೋಡುತ್ತಾ ಓಡುತ್ತಿದ್ದ. "ತಲೆ ಎತ್ತೋ ಮಗಾ! ಬಲಗಡೆ ನೋಡು!" ಎಂದು ಕೂಗಿದೆ. ಅವನು ತಲೆಯೆತ್ತಿ ಎಷ್ಟು ಅಚ್ಚುಕಟ್ಟಾಗಿ ಚೆಂಡು ದಾಟಿಸಿದನೆಂದರೆ ನನಗೆ ಖುಷಿಗೆ ನಗುವೇ ಬಂತು. ಮಂಡಿಯ ನೆನಪೇ ಇರಲಿಲ್ಲ. ಮೈ ಹತ್ತಿಯಷ್ಟು ಹಗುರವಾಗಿತ್ತು.

ಕಾರ್ಖಾನೆಯ ಸೈರನ್ ಕೂಗಿತು. ಮಂಜು ತೆಳುವಾಗುತ್ತಾ ಹೋಯಿತು. ಮೈದಾನದಲ್ಲಿ ಯಾರೂ ಇರಲಿಲ್ಲ, ಚೆಂಡೂ ಇರಲಿಲ್ಲ. ನಾನು ಪಕ್ಕದ ಗೆರೆಯ ಹತ್ತಿರ ನಿಂತಿದ್ದೆ. ಹಿಂದೆ ತಿರುಗಿದರೆ ಮುನಿಯಪ್ಪ.

"ಹುಡುಗರು ಎಲ್ಲಿ ಹೋದ್ರು ಮುನಿಯಪ್ಪ?" ಎಂದು ಕೇಳಿದೆ.

"ಯಾವ್ ಉಡುಗ್ರು ಸಾರ್? ನೀವ್ ಕೂಗಾದು ಕೇಳಿ ಓಡ್‌ಬಂದೆ. ಆಗ್ಲಿಂದ ನಿಮ್ ಬೆನ್ನಿಂದೇನೇ ನಿಂತಿವ್ನಿ. ಒಬ್ರೇ ಕೈ ಬೀಸ್ಕಂಡು ಕೂಗ್ತಿದ್ರಿ."

"ನಾನು ಓಡಿದ್ದು ನೋಡ್ಲಿಲ್ವಾ?"

ಅವನು ನನ್ನ ಮಂಡಿಯನ್ನೊಮ್ಮೆ ನೋಡಿ, ಮೆಲ್ಲಗೆ ಅಂದ. "ಇಲ್ಲ ಸಾರ್. ನಿಂತ ಜಾಗದಿಂದ ಒಂದೆಜ್ಜೆ ಇಟ್ಟಿಲ್ಲ ನೀವು. ಮೈಗುಸಾರಿಲ್ವಾ?"

ಮುನಿಯಪ್ಪ ಸುಳ್ಳು ಹೇಳುವ ಆಸಾಮಿಯಲ್ಲ. ಬಸ್ಸಿನ ಮೆಟ್ಟಿಲು ಹತ್ತಿದರೂ ಊದಿಕೊಳ್ಳುತ್ತಿದ್ದ ಮಂಡಿ ಆವತ್ತು ಊದಲಿಲ್ಲ, ಅದೂ ಅವನ ಮಾತಿಗೇ ಸಾಕ್ಷಿ. ಹಾಗಿದ್ದರೆ ಆ ಚಳಿಯಲ್ಲಿ ನನ್ನ ಶರ್ಟು ಹಿಂಡುವಷ್ಟು ಬೆವರಿದ್ದು ಯಾಕೆ? ಸಂಜೆ ನನ್ನ ಕಾಲುಚೀಲದ ತುಂಬ ಅಂಟಿದ್ದ ಹುಲ್ಲಿನ ಮುಳ್ಳು ಕಂಡು ಸರೋಜ, "ಮತ್ತೆ ಆಡಕ್ಕೆ ಹೋಗಿದ್ರಾ? ನಿಜ ಹೇಳಿ" ಎಂದು ಗದರಿದಳು. ಕಾಲುಚೀಲ ಬಿಚ್ಚಿ ಬಕೆಟ್ಟಿಗೆ ಹಾಕಿ, ಚಪ್ಪಲಿ ಮೆಟ್ಟಿದೆ. ಕ್ಯಾಪ್ಟನ್ ಮನೆಗೆ ಹೋಗಿ, ಮಸ್ಕತ್ತಿಗೆ ಬರುತ್ತೇನೆ ಎಂದು ಹೇಳಿ ಬಂದೆ. ಆಗುವುದಿಲ್ಲ ಎನ್ನಲು ಹೋದ ಬಾಯಲ್ಲಿ ಆ ಮಾತು ಹೇಗೆ ಬಂತೋ ಕಾಣೆ.

ಮಸ್ಕತ್ತಿನಲ್ಲಿ ಬಹಳ ವರ್ಷ ಕಲಿಸಿದೆ. ಆ ಹುಡುಗರು ಅಲ್ಲಿ ಸಿಕ್ಕರು ಎಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಸಿಗಲಿಲ್ಲ. ಪ್ರತಿ ಸಲ ಹೊಸಬರು ಸೇರಿದಾಗ ಮುಖಗಳನ್ನು ಹುಡುಕುತ್ತಿದ್ದೆ, ಮುಖವನ್ನೇ ಕಾಣದಿದ್ದವನು ಏನೆಂದು ಗುರುತು ಹಿಡಿಯಲಿ? ಒಮ್ಮೊಮ್ಮೆ ಯಾವನಾದರೂ ತಲೆಯೆತ್ತಿ ಚೆಂಡು ದಾಟಿಸಿದಾಗ, ಗೆರೆಯ ಮೇಲೆ ಸುಮ್ಮನೆ ನಿಂತವನಿಗೆ ಏದುಸಿರು ಬಂದು ಅಂಗಿ ಒದ್ದೆಯಾಗುತ್ತಿತ್ತು. ಅಲ್ಲಿನ ಸೆಕೆ ಇರಬಹುದು.

ಆವತ್ತು ನಾನು ಓಡಿದೆನೋ, ನಿಂತೇ ಇದ್ದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಅಷ್ಟು ಚೆನ್ನಾಗಿ ನಾನು ಜೀವಮಾನದಲ್ಲಿ ಇನ್ಯಾವತ್ತೂ ಆಡಿದ್ದಿಲ್ಲ.