ಗುಂಯ್ಯಪ್ಪ ಮಾಡಿದ ಕರೆಗಂಟೆ

ನನ್ನ ಮೈದುನನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಗುಂಯ್ಯಪ್ಪ. ರೇಡಿಯೋ, ಮೈಕಿನ ಪೆಟ್ಟಿಗೆ, ಕರೆಗಂಟೆ, ಒಟ್ಟಿನಲ್ಲಿ ಗುಂಯ್ ಎನ್ನುವ ಯಾವ ವಸ್ತುವನ್ನಾದರೂ ರಿಪೇರಿ ಮಾಡುತ್ತಿದ್ದ. ಮದುವೆಯಾಗಲಿಲ್ಲ. ಸಂಬಂಧದ ಮಾತಿಗೆ ಹೋದ ಮನೆಯಲ್ಲಿ ಹುಡುಗಿಯನ್ನು ಬಿಟ್ಟು ತಲೆಯ ಮೇಲಿನ ಫ್ಯಾನನ್ನೇ ನೋಡುತ್ತ ಕುಳಿತು, ಕಡೆಗೆ ಒಂದು ಸ್ಟೂಲು ಕೇಳಿದನಂತೆ. ಫ್ಯಾನು ಸರಿಹೋಯಿತು, ಸಂಬಂಧ ಕೂಡಿಬರಲಿಲ್ಲ.

ಎರಡನೇ ಮಹಡಿಯ ಮನೆಯಲ್ಲಿ ನಾವು ಮೂವರು: ಅತ್ತೆ, ಅವನು, ನಾನು. ನಮ್ಮವರು ತೀರಿಕೊಂಡ ಮೇಲೆ ನಾನು ದರ್ಜಿ ಅಂಗಡಿಗೆ ಗುಂಡಿ ಹೊಲಿಯಲು ಹೋಗುತ್ತಿದ್ದೆ. ಅವನಿಗೆ ಅವನ ಅಂಗಡಿ. ಹಗಲೆಲ್ಲ ಮನೆಯಲ್ಲಿ ಅತ್ತೆ ಒಬ್ಬರೇ. ಅವರಿಗೆ ಕಿವಿ ಮಂದವಾಗಿತ್ತು, ಆದರೆ ಹಾಗೆಂದು ಹೇಳುವಂತಿರಲಿಲ್ಲ.

"ನನ್ನ ಕಿವಿಗೇನಾಗಿದೆ? ಈಗಿನವರಿಗೆ ಬಾಯಿ ಬಿಟ್ಟು ಮಾತಾಡೋಕೆ ಬರಲ್ಲ" ಎನ್ನುತ್ತಿದ್ದರು.

ಒಂದು ದಿನ ನಾದಿನಿ ಬಂದು ಬೆಲ್ಲು ಒತ್ತಿ ಒತ್ತಿ, ಬಾಗಿಲು ಬಡಿದು ಬಡಿದು, ಕಡೆಗೆ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟಳು. ನಾನು ಬಂದು ನನ್ನ ಹತ್ತಿರದ ಕೀಲಿಯಿಂದ ಬಾಗಿಲು ತೆಗೆದರೆ ಒಳಗೆ ಅತ್ತೆ ನೆಮ್ಮದಿಯಾಗಿ ಈರುಳ್ಳಿ ಹೆಚ್ಚುತ್ತಿದ್ದರು.

"ಅಮ್ಮ, ನೀನಿನ್ನು ನನ್ನ ಮನೇಲಿರು" ಎಂದು ನಾದಿನಿ ಕಿರುಚಿದಳು.

"ಬರಲ್ಲ. ನಿನ್ನ ಮನೆ ಕಿಟಕಿ ತೆಗೆದ್ರೆ ಗೋಡೆ ಕಾಣತ್ತೆ. ಇಲ್ಲಿ ಬೀದಿ ಜಗಳ ಕಾಣತ್ತೆ."

"ಹಾಗಾದ್ರೆ ಭಾನುವಾರ ಬಂದು ಬೆಲ್ಲು ಒತ್ತುತೀನಿ. ನೀನೇ ಬಂದು ಬಾಗಿಲು ತೆಗೆದ್ರೆ ಇಲ್ಲೇ ಇರು. ಇಲ್ಲಾಂದ್ರೆ ಗಂಟುಮೂಟೆ ಕಟ್ಟು."

ಅತ್ತೆ ಒಪ್ಪಿದರು. ಮುಖ ಮಾತ್ರ ಸಣ್ಣದಾಯಿತು. ಅಂದು ಸಂಜೆ ಕಿಟಕಿಯ ಹತ್ತಿರದಿಂದ ಏಳಲೇ ಇಲ್ಲ.

ಮೈದುನ ಅಂಗಡಿಯ ಸಾಮಾನನ್ನೆಲ್ಲ ಮನೆಗೆ ತಂದು ಹರಡಿದ. ಮೊದಲು ಮಾಡಿದ ಗಂಟೆ ಹಕ್ಕಿಯ ಹಾಗೆ ಚಿಲಿಪಿಲಿ ಎಂದಿತು. ಅತ್ತೆ ಕಣ್ಣು ಕೂಡ ಮಿಟುಕಿಸಲಿಲ್ಲ.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು" ಎಂದು ನಾನು ಮೆಲ್ಲಗೆ ಹೇಳಿದೆ.

"ಯಾರೇ ಅದು ಕೋಣ?" ಎಂದರು ಅತ್ತೆ.

ಮೈದುನನ ಮುಖ ಅರಳಿತು. "ಅತ್ತಿಗೆ, ನಿಮ್ಮದು ದಪ್ಪ ದನಿ. ಅದು ಕೇಳಿಸ್ತು ನೋಡಿ. ಅಮ್ಮನಿಗೆ ಸಣ್ಣ ದನಿ ಮಾತ್ರ ಕೇಳಲ್ಲ."

ಆಮೇಲೆ ನನ್ನನ್ನು ಕೂರಿಸಿಕೊಂಡು ವಿವರಿಸಿದ. ಕೆಪಾಸಿಟರ್ ಎಂದರೆ ಕರೆಂಟು ತುಂಬುವ ಪುಟ್ಟ ಗಡಿಗೆ. ಅದು ತುಂಬಿ ಬರಿದಾದರೆ ಒಂದು ಅಲೆ. ಸಣ್ಣ ಗಡಿಗೆ ಬೇಗಬೇಗ ತುಂಬಿ ಖಾಲಿಯಾಗುತ್ತದೆ, ಹಕ್ಕಿಯ ದನಿ ಬರುತ್ತದೆ. ದೊಡ್ಡದು ನಿಧಾನ, ದನಿ ದಪ್ಪ.

"ಮತ್ತೆ ಈ ಕಡ್ಡಿ?"

"ಅದು ಡಯೋಡ್. ಒಂದೇ ಕಡೆ ತೆರೆಯೋ ಬಾಗಿಲು. ಅಮ್ಮನ ಪಾತ್ರೆ ಕಪಾಟಿನ ಹಾಗೆ ಅಂದ್ಕೊಳ್ಳಿ. ಪಕ್ಕದ ಮನೆ ಪಾತ್ರೆ ಒಳಗೆ ಹೋಗತ್ತೆ, ಆಚೆ ಬರಲ್ಲ."

ಗಡಿಗೆಯನ್ನು ದೊಡ್ಡದು ಮಾಡಿ, ಎರಡು ಡಯೋಡುಗಳನ್ನು ಎದುರುಬದುರು ಬೆಸೆದ. ದನಿಯ ಅಲೆಯನ್ನು ಹಸಿರು ಗೆರೆಯಾಗಿ ತೋರಿಸುವ ಅವನ ಪೆಟ್ಟಿಗೆಯಲ್ಲಿ ಇಷ್ಟು ಹೊತ್ತು ಗುಂಡಗಿದ್ದ ಅಲೆಗಳು ತಲೆ ಕತ್ತರಿಸಿದ ಗುಡ್ಡಗಳಾದವು. ಗುಂಡಿ ಒತ್ತಿದರೆ ಮ್ಯಾ ಎಂದಿತು. ಅತ್ತೆಗೆ ಅದೂ ಕೇಳಿಸಲಿಲ್ಲ. ಕೆಳಗಿನ ಮನೆಯವರು ಮಾತ್ರ ಮೇಲೆ ಬಂದು, "ಈ ಕಟ್ಟಡದಲ್ಲಿ ಮೇಕೆ ಸಾಕೋ ಹಾಗಿಲ್ಲ" ಎಂದು ಹೇಳಿ ಹೋದರು.

ಶನಿವಾರ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅವನು ಇನ್ನೂ ದೊಡ್ಡ ಗಡಿಗೆಯೊಂದನ್ನು ಸೇರಿಸಿದ. ಅದು ಮೆಲ್ಲಗೆ ತುಂಬಬೇಕು, ತುಂಬಿದ್ದು ಡಯೋಡಿನ ಬಾಗಿಲಿಂದ ಒಮ್ಮೆಗೇ ಸುರಿದುಹೋಗಬೇಕು. ಹಸಿರು ಗೆರೆ ಗರಗಸದ ಹಲ್ಲಿನಂತೆ ಓರೆಯಾಗಿ ಏರಿ ಧೊಪ್ಪನೆ ಬಿತ್ತು. ಗುಂಡಿ ಒತ್ತಿದ.

ಘೊರ್‌ರ್‌ರ್... ಭುಸ್. ಘೊರ್‌ರ್‌ರ್... ಭುಸ್.

ಅತ್ತೆ ಕಣ್ಣು ತೆರೆಯದೆಯೇ, "ರೀ, ಮಗ್ಗುಲಾಗಿ ಮಲಗ್ರೀ" ಎಂದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಾವ ಹೋಗಿ ವರ್ಷಗಳೇ ಆಗಿದ್ದವು. ಅವರ ಗೊರಕೆ ತದ್ರೂಪ ಹೀಗೇ ಇತ್ತು.

"ಕೇಳಿಸ್ತು ಸರಿ, ಏಳಲಿಲ್ಲವಲ್ಲ?" ಎಂದೆ.

"ಅಪ್ಪ ಒಂದು ಮಾತಿಗೆ ಯಾವತ್ತು ಬಗ್ಗಿದ್ರು ಅತ್ತಿಗೆ? ಬಾಗಿಲು ತೆಗೆಯೋ ತನಕ ಇದು ನಿಲ್ಲಬಾರದು" ಎಂದು ಬಾಗಿಲ ಚೌಕಟ್ಟಿಗೂ ಒಂದು ಸ್ವಿಚ್ಚು ಹೊಡೆದ.

ಭಾನುವಾರ ನಾವಿಬ್ಬರೂ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತೆವು. ಹೊರಗೆ ನಾದಿನಿ ಬೆಲ್ಲು ಒತ್ತಿದಳು. ಗೊರಕೆ ಶುರುವಾಯಿತು. ಕಿಟಕಿಯ ಬಳಿ ಕುಳಿತಿದ್ದ ಅತ್ತೆ ತಲೆ ತಿರುಗಿಸದೆ, "ಮಗ್ಗುಲಾಗ್ರೀ" ಎಂದರು. ಗೊರಕೆ ನಿಲ್ಲಲಿಲ್ಲ. "ರೀ, ಜಗಳ ಕೇಳಿಸ್ತಿಲ್ಲ ನನಗೆ" ಎಂದರು. ನಿಲ್ಲಲಿಲ್ಲ. ಎದ್ದು ದಿಂಬು ಕೈಗೆ ತೆಗೆದುಕೊಂಡರು. ಮೊದಲು ಮಂಚದ ಹತ್ತಿರ ಹೋದರು. ಖಾಲಿ ಮಂಚ ನೋಡಿ, ತಲೆಯನ್ನು ಅತ್ತಿತ್ತ ಓಲಿಸಿ, ಗೊರಕೆಯ ಜಾಡು ಹಿಡಿದು ಬಾಗಿಲಿಗೆ ಬಂದರು. ಚಿಲಕ ಸರಿಸಿ ಕದ ತೆಗೆದವರೇ ಎದುರಿಗಿದ್ದ ಮಗಳ ಭುಜಕ್ಕೆ ದಿಂಬಿನಿಂದ ಧಪ್ಪೆಂದು ಕೊಟ್ಟರು.

"ಆಗಿಂದ ಹೇಳ್ತಿದೀನಿ, ಕೇಳಿಸಲ್ವಾ? ಕೆಪ್ಪಾ ನಿಮಗೆ?"

ಗೊರಕೆ ನಿಂತಿತು. ನಾದಿನಿ ಬಟ್ಟೆ ತುಂಬಿಕೊಂಡು ಹೋಗಲೆಂದು ತಂದಿದ್ದ ಖಾಲಿ ಚೀಲವನ್ನು ಮುಖಕ್ಕೆ ಒತ್ತಿಕೊಂಡು ನಕ್ಕಳು, ನಡುವೆ ಅತ್ತಳು. "ಇದು ಅಪ್ಪನದೇ ಕಣೋ" ಎಂದು ತಮ್ಮನ ಬೆನ್ನಿಗೆ ಗುದ್ದಿದಳು.

"ನೀನಾ? ಬಂದವಳು ಬೆಲ್ಲು ಮಾಡೋದಲ್ವೇನೇ?" ಎಂದರು ಅತ್ತೆ.

ಅತ್ತೆ ಕಡೆಯವರೆಗೂ ಆ ಕಿಟಕಿಯ ಹತ್ತಿರವೇ ಇದ್ದರು. ಅದು ಗಂಟೆ ಎಂದು ಅವರಿಗೆ ಬಿಡಿಸಿ ಹೇಳಿದೆವು. "ಗಂಟೆನೇ ಇರಲಿ, ಅಭ್ಯಾಸ ಬಿಡೋಕಾಗತ್ತಾ" ಎಂದು ದಿಂಬನ್ನು ಮಾತ್ರ ಕೆಳಗಿಡಲಿಲ್ಲ. ಹಾಲಿನವನು ಎರಡೇ ದಿನದಲ್ಲಿ ಪಾಠ ಕಲಿತ. ಬೆಲ್ಲು ಒತ್ತಿ, ಹಾಲನ್ನು ಗೋಡೆಯ ಕಡೆಯ ಕೈಯಲ್ಲಿ ಹಿಡಿದು, ತಾನೇ ಮಗ್ಗುಲಾಗಿ ನಿಂತುಕೊಳ್ಳುತ್ತಿದ್ದ.