ಅಂಟಣ್ಣ ಮತ್ತು ಹುಳ ಕೊರೆದ ಪುಸ್ತಕ

ಅಂಟಣ್ಣನ ಕೈಗೆ ಒಂದು ಹಳೇ ಪುಸ್ತಕ ಕೊಟ್ಟರೆ ಸಾಕು, ಮೂಗಿನ ಹತ್ತಿರ ಹಿಡಿದು ಒಂದು ಸಲ ಉಸಿರೆಳೆದು, "ಇದು ಒಲೆ ಪಕ್ಕದ ಕಪಾಟಲ್ಲಿತ್ತು, ಅದು ಮಂಚದ ಕೆಳಗಿತ್ತು" ಎಂದು ಅದರ ಪೂರ್ವಾಪರವನ್ನೆಲ್ಲ ಹೇಳಿಬಿಡುತ್ತಿದ್ದ. ಮೂವತ್ತೊಂದು ವರ್ಷದ ಬೈಂಡಿಂಗ್ ಕೆಲಸ. ಬೆರಳ ತುದಿಯಲ್ಲಿ ಒಣಗಿದ ಅಂಟು ಯಾವತ್ತೂ ಇರುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. ಅವನು ಹೊಲಿದ ಪುಸ್ತಕದ ಹಾಳೆ ಮಗು ಎಳೆದರೂ ಕಿತ್ತು ಬರುವುದಿಲ್ಲ, ನಾಯಿ ಎಳೆದರೂ ಬರುವುದಿಲ್ಲ.

ಆದರೆ ಒಳಗೆ ಏನು ಬರೆದಿದೆ ಎಂದು ಒಂದು ದಿನವೂ ನೋಡಿದವನಲ್ಲ. ಯಾರಾದರೂ ಕೇಳಿದರೆ ಉತ್ತರ ತುದಿನಾಲಿಗೆಯಲ್ಲೇ ಇರುತ್ತಿತ್ತು: "ದರ್ಜಿ ತಾನು ಹೊಲಿದ ಅಂಗೀನೆಲ್ಲ ತೊಟ್ಕೊಂಡು ನೋಡ್ತಾನೇನ್ರಿ?"

ಎಲ್ಲ ಸರಿಯಾಗಿಯೇ ಇತ್ತು, ಬಾಮೈದ ಎರಡು ಬೀದಿ ಆಚೆ ಅಂಗಡಿ ಹಾಕುವ ತನಕ.

ಬಾಮೈದ ಎಂದರೆ ಹೆಂಡತಿಯ ತಮ್ಮ. ಒಂಬತ್ತು ವರ್ಷ ಅಂಟಣ್ಣನ ಪಕ್ಕದಲ್ಲೇ ಕೂತು ದಬ್ಬಣ ಹಿಡಿಯುವುದರಿಂದ ಹಿಡಿದು ರಟ್ಟು ಕತ್ತರಿಸುವವರೆಗೆ ಎಲ್ಲ ಕಲಿತವನು. ಕಲಿತದ್ದು ತಪ್ಪಲ್ಲ. ಅಂಗಡಿ ಹಾಕಿದ್ದೂ ತಪ್ಪಲ್ಲ. ಅವನ ಅಂಗಡಿ ಮುಂದೆ ಜನ ನಿಲ್ಲುತ್ತಿದ್ದರಲ್ಲ, ಅದು ತಪ್ಪು! ಅಂಟಣ್ಣ ದಿನಾ ಬೆಳಿಗ್ಗೆ ದಾರದ ಉಂಡೆ ತರುವ ನೆಪದಲ್ಲಿ ಆ ಬೀದಿಯಲ್ಲೇ ಸುತ್ತಿ ಬರುತ್ತಿದ್ದ. ಹೀಗೆ ತಂದ ಉಂಡೆಗಳು ಅಂಗಡಿಯ ಮೂಲೆಯಲ್ಲಿ ಇನ್ನು ಹತ್ತು ವರ್ಷಕ್ಕೆ ಸಾಕಾಗುವಷ್ಟು ಬಿದ್ದಿದ್ದವು.

ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದದ್ದು ಒಂದೇ ನೋಟ. ಬಾಮೈದ ಹೊಲಿಯುತ್ತಿಲ್ಲ, ಓದುತ್ತಿದ್ದಾನೆ. ಬೈಂಡಿಂಗ್‌ಗೆ ಬಂದ ಪುಸ್ತಕವನ್ನು ಮೊದಲು ಓದಿ ಆಮೇಲೆ ಹೊಲಿಯುತ್ತಾನಂತೆ. ಅದೂ ಎಂಥವು? ಅಜ್ಜಂದಿರ ಕಾಲದ ದಪ್ಪ ದಪ್ಪ ಕಾವ್ಯ, ಕಾದಂಬರಿ. ಗಿರಾಕಿಗಳು ಸ್ಟೂಲ್ ಎಳೆದುಕೊಂಡು ಕೂತು, ಆ ರಾಜ ಯಾಕೆ ಹಾಗೆ ಮಾಡಿದ, ಈ ಸೊಸೆ ಯಾಕೆ ಹೀಗೆ ಮಾಡಿದಳು ಎಂದು ಅವನ ಜೊತೆ ವಾದ ಮಾಡುತ್ತಾರೆ. ಹೋಗುವಾಗ ಇನ್ನೆರಡು ಪುಸ್ತಕ ಕೊಟ್ಟು ಹೋಗುತ್ತಾರೆ.

"ಓದಿದ್ರೆ ಗೊತ್ತಾಗತ್ತೆ ಭಾವ, ಯಾವುದನ್ನ ಹೇಗೆ ಹೊಲೀಬೇಕು ಅಂತ" ಎಂದಿದ್ದ ಒಮ್ಮೆ. "ಅಳಿಸೋ ಕತೆ ಜನ ಮಲಗಿಕೊಂಡು ಓದ್ತಾರೆ. ಅದಕ್ಕೆ ಬೆನ್ನು ಸಡಿಲ ಬಿಡ್ಬೇಕು. ನಿಘಂಟು ಮೇಜಿನ ಮೇಲಿರತ್ತೆ, ಅದಕ್ಕೆ ಬಿಗಿ."

"ಎಲ್ಲದಕ್ಕೂ ಬಿಗಿ" ಎಂದು ಅಂಟಣ್ಣ ಎದ್ದು ಬಂದಿದ್ದ. ಆದರೆ ಆ ಮಾತು ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡು ಮನೆವರೆಗೂ ಬಂತು.

"ನಿಮ್ಮ ತಮ್ಮನಿಗೆ ಕೆಲಸ ಇಲ್ಲ, ಅದಕ್ಕೇ ಓದ್ತಾನೆ" ಎಂದ ಹೆಂಡತಿಯ ಹತ್ತಿರ. ಸಿಟ್ಟು ಬಂದ ದಿನ ಹೆಂಡತಿ ಅವನಿಗೆ ನೀವಾಗುತ್ತಿದ್ದಳು.

"ಕೆಲಸ ಇಲ್ಲದೋರ ಅಂಗಡಿಗೆ ದಿನಾ ಯಾಕ್ರೀ ಹೋಗ್ತೀರಾ?"

"ದಾರ ತರೋಕೆ."

"ಸುತ್ಕೊಳ್ಳಿ ಆ ದಾರಾನ ಮೈಗೆಲ್ಲ."

ಇಷ್ಟರಲ್ಲಿ ಲೈಬ್ರರಿಯಿಂದ ಕರೆ ಬಂತು. ಲೈಬ್ರರಿ ಮೇಡಂ ಇಬ್ಬರನ್ನೂ ಒಟ್ಟಿಗೇ ಕರೆಸಿ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ನೆಲದಿಂದ ಮಾಳಿಗೆವರೆಗೂ ಹಳೇ ಪುಸ್ತಕಗಳು, ಒಂದಕ್ಕೂ ಬೆನ್ನು ನೆಟ್ಟಗಿಲ್ಲ. ಮೂರು ವರ್ಷಕ್ಕಾಗುವಷ್ಟು ಕೆಲಸ.

"ಇದಿಷ್ಟೂ ಒಬ್ಬರ ಕೈಲೇ ಆಗ್ಬೇಕು" ಎಂದರು ಮೇಡಂ. "ಯಾರಿಗೆ ಕೊಡ್ಲಿ ಅಂತ ತಿಳೀತಾ ಇಲ್ಲ. ಅದಕ್ಕೇ ಒಂದು ಪರೀಕ್ಷೆ." ಒಂದೇ ಕಾದಂಬರಿಯ ಎರಡು ಪ್ರತಿ ತೆಗೆದು ಮುಂದಿಟ್ಟರು. ಎರಡೂ ಬಿಡಿ ಬಿಡಿ ಫಾರಂ ಆಗಿ, ಅಂದರೆ ಹದಿನಾರು ಹದಿನಾರು ಪುಟದ ಮಡಿಕೆಗಳಾಗಿ, ಉದುರಿಹೋಗಿದ್ದವು. ಪುಟದ ಅಂಚೆಲ್ಲ ಪುಡಿಯಾಗಿ ಪುಟಸಂಖ್ಯೆಯೇ ಇಲ್ಲ. "ಮೂರನೇ ಪ್ರತಿ ಎಲ್ಲೂ ಸಿಗ್ಲಿಲ್ಲ. ನಾನು ಸ್ಕೂಲಲ್ಲಿದ್ದಾಗ ಓದಿದ್ದು, ಕೊನೆ ನೆನಪಿದೆ, ಮಧ್ಯದ್ದು ಮರೆತಿದೆ. ಜೋಡಿಸಿ, ಹೊಲಿದು ತನ್ನಿ."

ಅಂಟಣ್ಣ ಒಳಗೊಳಗೇ ನಕ್ಕ. ಪುಟಸಂಖ್ಯೆ ಇಲ್ಲದಿದ್ದರೆ ಏನಂತೆ? ಅವನ ಪ್ರತಿಗೆ ಹುಳ ಹಿಡಿದಿತ್ತು. ಪುಸ್ತಕದ ಹುಳ ಮೊದಲ ರಟ್ಟಿನಿಂದ ಕೊನೆಯ ರಟ್ಟಿಗೆ ಸುರಂಗ ಕೊರೆದುಕೊಂಡು ಹೋಗುತ್ತದೆ. ಫಾರಂಗಳನ್ನು ಬೆಳಕಿಗೆ ಹಿಡಿದು ತೂತಿಗೆ ತೂತು ಕೂಡಿಸಿದರೆ ಮುಗಿಯಿತು, ಅಕ್ಷರ ಬಾರದವನೂ ಜೋಡಿಸಬಹುದು. ಬಾಮೈದನಿಗೂ ಈ ಗುಟ್ಟು ಹೇಳಿಕೊಟ್ಟವನು ಅವನೇ. ಆದರೆ ಬಾಮೈದನ ಪ್ರತಿಗೆ ಹುಳ ಹಿಡಿದಿರಲಿಲ್ಲ.

ಒಂದೇ ಮಧ್ಯಾಹ್ನಕ್ಕೆ ಜೋಡಣೆ ಮುಗಿಯಿತು. ದಾರಕ್ಕೆ ಮೇಣ ಉಜ್ಜುತ್ತಿದ್ದವನಿಗೆ ಥಟ್ಟನೆ ಹೊಳೆಯಿತು: ಬಾಮೈದ ಓದಿರುತ್ತಾನೆ. ಮೇಡಂ ಮುಂದೆ ನಿಂತು ಕತೆ ಶುರು ಮಾಡುತ್ತಾನೆ. ಮೇಡಂ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ. ತಾನು ಪಕ್ಕದಲ್ಲಿ ಕಂಬದ ಹಾಗೆ ನಿಂತಿರಬೇಕು!

ದಾರ ಕೆಳಗಿಟ್ಟ. ಅಂಗಡಿಯ ಬಾಗಿಲು ಅರ್ಧ ಎಳೆದ. ಐವತ್ತೆಂಟನೇ ವಯಸ್ಸಿನಲ್ಲಿ, ಬರೀ ಹೊಟ್ಟೆಕಿಚ್ಚಿಗೆ, ಮೊದಲನೇ ಪುಟ ಓದಲು ಕೂತ.

ಮೊದಮೊದಲು ಬೆರಳಿಟ್ಟು ಓದಬೇಕಾಯಿತು. ನಾಲ್ಕನೇ ದಿನಕ್ಕೆ ಬೆರಳು ಬೇಡವಾಯಿತು. ಎಂಟನೇ ದಿನ ಗಿರಾಕಿಯೊಬ್ಬ ಬಂದು ಕೆಮ್ಮಿದರೂ ಕೇಳಿಸಲಿಲ್ಲ. ಅದು ಹೊಳೆಯ ದಂಡೆಯ ಒಬ್ಬ ಬಟ್ಟೆ ವ್ಯಾಪಾರಿಯ ಕತೆ. ಏನೂ ಇಲ್ಲದವನು ದೊಡ್ಡದಾಗಿ ಬೆಳೆಯುತ್ತಾನೆ, ಒಬ್ಬ ಗೆಳೆಯನಿಗೂ ಕೆಲಸ ಕಲಿಸುತ್ತಾನೆ. ಆ ಗೆಳೆಯ ಎದುರು ದಂಡೆಯಲ್ಲಿ ಅಂಗಡಿ ಹಾಕಿದ್ದನ್ನು ಓದಿದಾಗ ಅಂಟಣ್ಣನ ಮೈಯೆಲ್ಲ ಉರಿದುಹೋಯಿತು. "ನೋಡೇ, ಎಲ್ಲಾ ಕಾಲದಲ್ಲೂ ಇದ್ರು ಇಂಥೋರು!" ಎಂದು ಊಟ ಬಡಿಸುತ್ತಿದ್ದ ಹೆಂಡತಿಗೆ ಹೇಳಿದ.

"ಯಾರು?"

"ಪುಸ್ತಕದಲ್ಲಿ."

"ಪುಸ್ತಕದೋರ ಸಿಟ್ಟು ತಟ್ಟೆ ಮೇಲೆ ಬೇಡ. ಉಣ್ಣಿ."

ಆದರೆ ಒಂದು ಕಡೆ ಅವನಿಗೆ ತಡೆಯಿತು. ವ್ಯಾಪಾರಿ ಒಂದು ಮುಂಜಾವ ಹೋಗಿ ಗೆಳೆಯನ ಸರಕಿನ ದೋಣಿಯ ಹಗ್ಗ ಬಿಚ್ಚಿಬಿಡುವ ಅಧ್ಯಾಯವೊಂದಿತ್ತು. ಹುಳದ ತೂತಿನ ಪ್ರಕಾರ ಅದು ಬರುವುದು ಗೆಳೆಯ ಅಂಗಡಿ ಹಾಕುವುದಕ್ಕಿಂತ ಮುಂಚೆ. ಇದು ಹೇಗಾದೀತು? ಗೆಳೆಯ ಇನ್ನೂ ಏನೂ ಮಾಡಿಯೇ ಇಲ್ಲ! ಯಾರೋ ನಾಲ್ಕು ಜನ ಅವನನ್ನು ಹೊಗಳಿದ್ದಾರೆ, ಅಷ್ಟೆ. ಅಷ್ಟಕ್ಕೇ ಯಾರಾದರೂ ಹಗ್ಗ ಬಿಚ್ಚುತ್ತಾರೆಯೇ? ಅವನು ಅಂಗಡಿ ಹಾಕಿದ, ಇವನಿಗೆ ಹೊಟ್ಟೆ ಉರಿಯಿತು, ಹಗ್ಗ ಬಿಚ್ಚಿದ. ನ್ಯಾಯವಾಗಿ ಇರಬೇಕಾದದ್ದು ಹೀಗೆ.

ಉಳಿದ ಫಾರಂಗಳಲ್ಲಿ ಒಂದರ ಕೊನೆಯ ವಾಕ್ಯ ಇನ್ನೊಂದರ ತಲೆಗೆ ಹರಿಯುತ್ತಿತ್ತು, ಆಚೀಚೆ ಮಾಡುವ ಹಾಗಿರಲಿಲ್ಲ. ಆದರೆ ಹಗ್ಗದ ಅಧ್ಯಾಯ ಸರಿಯಾಗಿ ಒಂದು ಫಾರಂ, ಅಂಗಡಿಯ ಅಧ್ಯಾಯ ಸರಿಯಾಗಿ ಇನ್ನೊಂದು. ಯಾವುದನ್ನು ಮೊದಲಿಟ್ಟರೂ ಕೂರುತ್ತಿತ್ತು. ಹಿಂದೆ ಯಾವನೋ ದಡ್ಡ ಬೈಂಡರ್ ಅದಲು ಬದಲು ಹೊಲಿದಿರಬೇಕು, ಹುಳ ಪಾಪ ಹೊಲಿದ ಹಾಗೆಯೇ ಕೊರೆದಿದೆ.

"ಹುಳಕ್ಕೇನು ಗೊತ್ತು ಕತೆ?" ಎಂದುಕೊಂಡು ಹಗ್ಗದ ಫಾರಂ ಎತ್ತಿ ಅಂಗಡಿಯ ಫಾರಂನ ಹಿಂದಿಟ್ಟ. ಹೊಲಿದ. ಯಾವತ್ತಿನಂತೆ ಬಿಗಿಯಾಗಿ.

ಹೇಳಿದ ದಿನಕ್ಕೆ ಇಬ್ಬರೂ ಲೈಬ್ರರಿಗೆ ಹೋದರು. ಮೇಡಂ ಎರಡು ಪ್ರತಿಯನ್ನೂ ಅಕ್ಕಪಕ್ಕ ತೆರೆದು ಪುಟಕ್ಕೆ ಪುಟ ನೋಡುತ್ತಾ ಬಂದರು. ಮಧ್ಯಕ್ಕೆ ಬಂದವರು ನಿಂತರು.

"ಇಲ್ಲಿ ಬೇರೆ ಬೇರೆ ಇದೆಯಲ್ಲ! ಇದರಲ್ಲಿ ಮೊದಲು ಹಗ್ಗ, ಅದರಲ್ಲಿ ಮೊದಲು ಅಂಗಡಿ."

"ಅಂಗಡೀನೇ ಮೊದಲು ಮೇಡಂ" ಅಂಟಣ್ಣ ಮುಂದೆ ಬಂದ. "ಕತೆ ನೋಡಿ ನೀವು. ಸುಮ್ ಸುಮ್ನೆ ಯಾರಾದ್ರೂ ಹಗ್ಗ ಬಿಚ್ತಾರಾ? ಮೊದಲು ಇವನ ಹೊಟ್ಟೆಗೆ ಅವನು ಬೆಂಕಿ ಹಾಕ್ಬೇಕು ತಾನೆ?"

ಬಾಮೈದ ಭಾವನ ಮುಖವನ್ನೇ ಬೆರಗಿನಿಂದ ನೋಡಿದ. "ಭಾವ... ಓದಿದ್ರಾ?"

"ಯಾಕೆ, ಓದೋದು ನಿನ್ನೊಬ್ಬನ ಗುತ್ತಿಗೆನಾ?"

ಮೇಡಂ ಮತ್ತೆ ಎರಡೂ ಅಧ್ಯಾಯಗಳ ಮೇಲೆ ಕಣ್ಣಾಡಿಸಿದರು. "ಇವರು ಹೇಳೋದೇ ಸರಿ ಅನ್ಸತ್ತೆ. ನೀವೇನಂತೀರಾ?"

ಬಾಮೈದ ಭಾವನ ಪ್ರತಿಯನ್ನು ಕೈಗೆತ್ತಿಕೊಂಡ. ಆ ಜಾಗದ ಹಾಳೆಗಳ ಮೇಲೆ ಹೆಬ್ಬೆರಳು ಸವರಿದ. ಬೆರಳು ಒಂದು ಕ್ಷಣ ತಡೆಯಿತು, ಮತ್ತೆ ಹಿಂದಕ್ಕೆ ಬಂತು. ಅಂಟಣ್ಣ ಅದನ್ನೇ ನೋಡುತ್ತಿದ್ದ. ಸಾಲಾಗಿ ಬಂದ ತೂತು ಅಲ್ಲಿ ಪಕ್ಕಕ್ಕೆ ಜಿಗಿದು, ಒಂದು ಫಾರಂ ದಾಟಿ, ಮತ್ತೆ ಜಿಗಿದಿತ್ತು. ಆಗಲೇ ಅಂಟಣ್ಣನಿಗೆ ಹೊಳೆದದ್ದು. ಹುಳ ಇಲ್ಲದ ಪ್ರತಿಯನ್ನು ಬಾಮೈದ ಬರೀ ಓದಿ ಜೋಡಿಸಿದ್ದೂ ಅದೇ ಕ್ರಮ, ಹುಳ ಕೊರೆದದ್ದೂ ಅದೇ ಕ್ರಮ. ಯಾವ ದಡ್ಡ ಬೈಂಡರೂ ಹಿಂದೆ ಇರಲಿಲ್ಲ. ದಡ್ಡ ಬೈಂಡರ್ ಇಲ್ಲೇ ನಿಂತಿದ್ದ. ಬರೆದವನು ಬೇಕೆಂದೇ ಹಾಗೆ ಬರೆದಿದ್ದ: ಕಿಚ್ಚು ಮೊದಲೇ ಇತ್ತು, ಅಂಗಡಿ ಬಂದದ್ದು ಆಮೇಲೆ.

ಅವನಿಗೆ ತನ್ನ ಅಂಗಡಿಯ ಆ ದಿನ ನೆನಪಾಯಿತು. ಬಾಮೈದ ಕೆಲಸ ಕಲಿತ ಎರಡನೇ ವರ್ಷ. ಗಿರಾಕಿಯೊಬ್ಬರು, "ಹುಡುಗನ ಕೈ ಎಷ್ಟು ಚೊಕ್ಕ!" ಎಂದು ಹೊಗಳಿದ್ದರು. ಮಾರನೇ ದಿನದಿಂದ ಅಂಟಣ್ಣ ಹುಡುಗನಿಗೆ ಬರೀ ರಸೀದಿ ಪುಸ್ತಕ ಹೊಲಿಯಲು ಕೊಟ್ಟಿದ್ದ. ಏಳು ವರ್ಷ.

ಬಾಮೈದ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟ. "ಭಾವ ಹೇಳಿದ ಹಾಗೂ ಇರಬಹುದು ಮೇಡಂ" ಎಂದ ಮೆಲ್ಲಗೆ.

ಅಂಟಣ್ಣನಿಗೆ ಅರ್ಥವಾಯಿತು. ಇವನು ಬಿಟ್ಟುಕೊಡುತ್ತಿದ್ದಾನೆ! ಸುಮ್ಮನಿದ್ದರೆ ಕೋಣೆ ತುಂಬ ಕೆಲಸ ತನ್ನದು, ಮೂರು ವರ್ಷ ಅತ್ತಿತ್ತ ನೋಡಬೇಕಿಲ್ಲ. ಆದರೆ ಇವನು? ಇವನು ಅದೇ ಅಂಗಡಿಯಲ್ಲಿ ಕೂತು ದೊಡ್ಡ ಮನುಷ್ಯನಾಗಿರುತ್ತಾನೆ, ಸಾಯುವವರೆಗೂ. ಓದಿಯೂ ದೊಡ್ಡವನು, ಬಿಟ್ಟುಕೊಟ್ಟೂ ದೊಡ್ಡವನು. ಅದನ್ನು ನೋಡಿಕೊಂಡು ಬದುಕುವುದು ಅಂಟಣ್ಣನಿಂದ ಆಗದ ಕೆಲಸ.

"ಏನ್ ಇರಬಹುದು?" ಎಂದು ಗದರಿಬಿಟ್ಟ. "ತೂತು ನೋಡಿದ್ಯಲ್ಲ, ಹೇಳೋಕೇನು ರೋಗ? ಮೇಡಂ, ಅವನದ್ದೇ ಸರಿ. ಹುಳ ಸಾಕ್ಷಿ ಇದೆ ನೋಡಿ. ನಾನೇ ಫಾರಂ ಎತ್ತಿಟ್ಟೆ. ವ್ಯಾಪಾರಿಗೆ ಒಂದು ಕಾರಣ ಇರ್ಲಿ ಅಂತ ಆಸೆಯಾಯ್ತು, ಅಷ್ಟೆ."

ಮೇಡಂ ತೂತನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹಿಂದಿನ ಕೋಣೆಯ ಬೀಗದ ಕೈ ಬಾಮೈದನ ಮುಂದಿಟ್ಟರು.

"ಭಾವ, ಹುಳ ಹಿಡಿದವೆಲ್ಲ ನಿಮಗೇ ಕಳಿಸ್ತೀನಿ. ನನಗೆ ಆ ಕಣ್ಣಿಲ್ಲ" ಎಂದ ಬಾಮೈದ.

"ಬೇಡ ಹೋಗು ನಿನ್ನ ಉಪಕಾರ" ಎಂದವನು ತಾನು ಹೊಲಿದ ಪ್ರತಿಯನ್ನು ಕಂಕುಳಲ್ಲಿ ಅವುಚಿಕೊಂಡ. ಬಿಚ್ಚಿ ಮತ್ತೆ ಹೊಲಿಯಬೇಕಿತ್ತು. ಬಾಗಿಲವರೆಗೆ ಹೋದವನು ತಿರುಗಿ ಬಂದ. "ಕಳಿಸೋದಾದ್ರೆ ಬೇಗ ಕಳಿಸು, ತಡ ಮಾಡ್ಬೇಡ."

ಬಾಮೈದ ಹಿಂದಿನ ಕೋಣೆಯ ಬೀಗ ತೆಗೆಯುವ ಸದ್ದು ಕೇಳಿತು. ಅಂಟಣ್ಣ ಮೇಜಿನ ಮೇಲೆ ಬಗ್ಗಿ ದನಿ ತಗ್ಗಿಸಿದ.

"ಮೇಡಂ, ನನಗೂ ಒಂದು ಮೆಂಬರ್ ಕಾರ್ಡ್ ಮಾಡಿ."

"ಅಯ್ಯೋ, ಸಂತೋಷ! ಯಾವ ಪುಸ್ತಕ ಕೊಡ್ಲಿ?"

"ಯಾವುದಾದ್ರೂ ಸರಿ" ಎಂದು ಹಿಂದಿನ ಕೋಣೆಯ ಕಡೆ ಒಮ್ಮೆ ನೋಡಿದ. "ಅವನು ಇನ್ನೂ ಓದಿರಬಾರದು."