ಎರಡಾಗಿ ಒಡೆದ ಶ್ರುತಿ

ಜ್ವರ ಬಿಟ್ಟ ಮೇಲೆ ಹಮ್ರೊಕುಲ್‌ನ ಎರಡು ಕಿವಿಗಳು ಎರಡು ಮಾತು ಹೇಳತೊಡಗಿದವು. ದುತಾರ್ ವಾದ್ಯದ ರೇಷ್ಮೆ ತಂತಿ ಮೀಟಿದರೆ ಬಲಗಿವಿಗೆ ಎಂದಿನ ಸ್ವರ, ಎಡಗಿವಿಗೆ ಅದಕ್ಕಿಂತ ಕೊಂಚ ಇಳಿದದ್ದು. ಮರ್ಗಿಲಾನ್ ಊರಿನ ಎಷ್ಟೋ ಮದುವೆಗಳಿಗೆ ನುಡಿಸಿದ ಕೈ ಅದು. ಹಾಡು ಎಲ್ಲೆಲ್ಲಿ ಅಲೆದರೂ ಕೊನೆಗೆ ಬಂದು ಕೂರಬೇಕಾದ ಸ್ವರವೇ ಒಡೆದ ಮೇಲೆ ಕೂರುವುದೆಲ್ಲಿ?

ಡಾಕ್ಟರು ಕಾಯಬೇಕೆಂದರು. ಅವನು ಬಿರಡೆ ತಿರುಗಿಸುವನು, ಎದ್ದು ಅಂಗಳ ಸುತ್ತುವನು, ಬಂದು ಮತ್ತೆ ತಿರುಗಿಸುವನು, ತಂತಿ ಹರಿಯುವ ತನಕ. ಡೊಯ್ರಾ ತಮಟೆ ಬಾರಿಸುವ ಗೆಳೆಯ ಎರ್ಗಾಶ್ ಬಂದು ನೋಡಿದ.

"ಅಣ್ಣಾ, ಹಿಂಗೇ ಸುತ್ತಿದ್ರೆ ಅಂಗಳದಲ್ಲಿ ಬಾವಿ ಬೀಳತ್ತೆ. ಶುಕ್ರವಾರ ಮದುವೆ ಇದೆ, ಬರ್ತೀರೋ ಇಲ್ವೋ?"

"ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗಯ್ಯ."

ಹೆಂಡತಿ ಒಯ್ನಿಸೊ ರೇಷ್ಮೆಗೆ ಬಣ್ಣ ಹಾಕುವವಳು. ಗಂಡನ ಚಡಪಡಿಕೆ ತಾಳಲಾರದೆ ಅವನನ್ನು ತನ್ನ ಬಣ್ಣದ ಕೊಟ್ಟಿಗೆಗೆ ಎಳೆದೊಯ್ದು ನೂಲು ಹಿಂಡಲು ಹಚ್ಚಿದಳು. ಆ ದಿನ ನೇಯ್ಗೆಯವನು ಹಳದಿ ನೂಲಿನ ಮೇಲೆ ಕೆಂಪು ಚಿತ್ತಾರವಿದ್ದ, ಮಗ್ಗಕ್ಕೆ ಏರಿಸಬೇಕಿದ್ದ ಹಾಸೊಂದನ್ನು ವಾಪಸು ತಂದಿದ್ದ. ಕೆಂಪು ಕಿರುಚುತ್ತಿದೆ ಎಂಬುದು ಅವನ ದೂರು. ಅವಳು ಕೆಂಪು ಭಾಗವನ್ನೆಲ್ಲ ಬಿಗಿಯಾಗಿ ದಾರ ಸುತ್ತಿ ಮುಚ್ಚಿ, ಉಳಿದ ಹಳದಿಯನ್ನು ನೀಲಿಯ ತೊಟ್ಟಿಯಲ್ಲಿ ಅದ್ದಿದಳು. ಒಣಗಿದ ಮೇಲೆ ದಾರ ಬಿಚ್ಚಿದಾಗ, ಕಡುಹಸಿರಿನ ನಡುವೆ ಕೆಂಪು ಕೆಂಡದ ಹಾಗೆ ಸುಮ್ಮನೆ ಕೂತಿತ್ತು.

"ಇದು ಅದೇ ಕೆಂಪಾ?" ಎಂದ ಹಮ್ರೊಕುಲ್.

"ಅದನ್ನ ನಾನು ಮುಟ್ಟೇ ಇಲ್ಲ ಕಣ್ರೀ. ಅಡಿಯ ಬಣ್ಣ ತಪ್ಪಿತ್ತು ಅಷ್ಟೆ."

ಅವನಿಗೆ ಸಿಟ್ಟು ಉಕ್ಕಿತು. "ನಿಂಗೇನು, ಅದ್ದೋಕೆ ತೊಟ್ಟಿ ಇದೆ! ನನ್ನ ಕಿವೀನ ಯಾವುದರಲ್ಲಿ ಅದ್ದಲಿ?"

"ಅದ್ದಬೇಡಿ, ಕಟ್ಟಿ. ಸುಳ್ಳು ಹೇಳೋ ಕಿವಿ ಯಾವುದು ಅಂತ ನಿಮಗೇ ಗೊತ್ತಲ್ಲ."

"ಕಿವಿ ಕಟ್ಕೊಂಡ ಸಂಗೀತಗಾರ! ಊರೇ ನಗತ್ತೆ."

"ನಗಲಿ. ಅಂಗಳ ಸುತ್ತೋದು ನೋಡಿ ಈಗಾಗಲೇ ನಗ್ತಿದೆ."

ಶುಕ್ರವಾರ ಅವನು ಎಡಗಿವಿಗೆ ರೇಷ್ಮೆಯ ಉಂಡೆ ತುರುಕಿ, ಮೇಲೆ ಟೋಪಿಯನ್ನು ಓರೆಯಾಗಿ ಎಳೆದುಕೊಂಡು ಹೋದ. ಮೊದಲ ಹಾಡು ಶುರುಮಾಡಿದ. ಅರ್ಧ ಸದ್ದು ಸತ್ತಂತಿತ್ತು, ಆದರೆ ಉಳಿದ ಅರ್ಧದಲ್ಲಿ ಸ್ವರ ಒಂದೇ ಆಗಿತ್ತು. ಎರಡನೆಯ ಹಾಡಿಗೆ ವರನ ಅಜ್ಜಿ ಎದ್ದು ಕುಣಿದಳು.

ಕಿವಿ ಕೊನೆಗೂ ಸರಿಹೋಗಲಿಲ್ಲ. ಅವನು ಮದುವೆಗಳಿಗೆ ಹೋಗುವುದನ್ನು ಬಿಡಲಿಲ್ಲ. ಈಗಲೂ ಒಮ್ಮೊಮ್ಮೆ ನುಡಿಸುತ್ತ ನುಡಿಸುತ್ತ ಶ್ರುತಿ ಜಾರಿತೇನೋ ಎಂಬ ಅಳುಕು ಹುಟ್ಟಿ ಸುತ್ತು ಹಾಕಲು ಎದ್ದುಬಿಡುತ್ತಾನೆ. ಎರ್ಗಾಶ್ ಡೊಯ್ರಾ ಬಾರಿಸುತ್ತಲೇ ಅವನ ಅಂಗಿಯ ಚುಂಗು ಹಿಡಿದು ಕೂರಿಸುತ್ತಾನೆ.